ಕಣತಲೆಯಲ್ಲಿ ಕೇಳುವ ರಕ್ತದ ಸೆಳೆತ

ಮಗು ಅಳುತ್ತಿರಬಾರದು, ನಿದ್ದೆ ಹೋಗಿರಲೂಬಾರದು. ಈ ಪರೀಕ್ಷೆಗೆ ಇರುವ ಕಟ್ಟಳೆ ಇಷ್ಟೇ. ಅತ್ತರೂ ಮಲಗಿದರೂ ಮಿದುಳಿಗೆ ಹರಿಯುವ ರಕ್ತದ ವೇಗ ಬದಲಾಗಿ ಲೆಕ್ಕ ತಪ್ಪುತ್ತದೆ. ಕಣತಲೆಗೆ ತಣ್ಣನೆಯ ಜೆಲ್ ಹಚ್ಚಿ ಪುಟ್ಟ ಸಾಧನವೊಂದನ್ನು ಒತ್ತಿ ಹಿಡಿಯುತ್ತಾರೆ. ಅಲ್ಲಿ ಬುರುಡೆ ತೆಳು. ಶ್ರವಣಾತೀತ ಶಬ್ದ ಒಳಹೊಕ್ಕು, ಹರಿಯುವ ರಕ್ತಕಣಗಳಿಗೆ ತಾಗಿ ಮರಳುತ್ತದೆ. ಯಂತ್ರದಿಂದ ‘ಶೂ... ಶೂ...’ ಎಂದು ನಾಡಿಯ ಲಯದಲ್ಲೇ ಸದ್ದು ಬರುತ್ತದೆ. ಸೂಜಿಯಿಲ್ಲ, ನೋವಿಲ್ಲ. ಕೆಂಪು ರಕ್ತಕಣ ಬಾಗಿ ಬೇಗ ಒಡೆಯುವ, ಹುಟ್ಟಿನಿಂದಲೇ ಬರುವ ಸಿಕಲ್ ಸೆಲ್ ಕಾಯಿಲೆಯ ಮಗುವಿಗೆ ಲಕ್ವ ಹೊಡೆಯುವ ಅಪಾಯ ಎಷ್ಟಿದೆ ಎಂಬುದನ್ನು ಈ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್ ಮೊದಲೇ ಹೇಳಬಲ್ಲದು.

ಲಕ್ವ ಎಂದರೆ ನಮಗೆ ನೆನಪಾಗುವುದು ಬಿಪಿ, ಶುಗರ್, ಬೀಡಿ-ಸಿಗರೇಟು. ಮಕ್ಕಳ ವಿಷಯ ಬೇರೆ. ಹೃದಯದ ಹುಟ್ಟುದೋಷ, ಸೋಂಕು, ರಕ್ತನಾಳದ ಉರಿಯೂತ ಅವರಲ್ಲಿ ಕಾರಣವಾಗಬಹುದು; ಕೆಲವರಲ್ಲಿ ಕಾರಣ ರಕ್ತದಲ್ಲೇ ಇರುತ್ತದೆ. ಹೆಪ್ಪುಗಟ್ಟುವಿಕೆಗೆ ಕಡಿವಾಣ ಹಾಕುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಹುಟ್ಟಿನಿಂದಲೇ ಕಮ್ಮಿ ಇರುವ ಮಕ್ಕಳಿದ್ದಾರೆ. ವಾಂತಿ-ಭೇದಿಯಾಗಿ ನೀರಿನಂಶ ಬತ್ತಿದಾಗ ಅಂಥವರಿಗೆ ಅಪಾಯ ಇನ್ನೂ ಹೆಚ್ಚು.

ಸಿಕಲ್ ಸೆಲ್‌ನಲ್ಲಿ ಎಡವಟ್ಟು ತೀರಾ ಸಣ್ಣದು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂತಿರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಇಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಸರಳುಗಳಾಗುತ್ತದೆ, ದುಂಡಗಿನ ಕಣ ಕುಡುಗೋಲಿನಂತೆ ಬಾಗುತ್ತದೆ. 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಒಡೆಯುತ್ತದೆ. ರಕ್ತ ಕಮ್ಮಿಯಾಯಿತೆಂದು ಹೃದಯ ಇನ್ನಷ್ಟು ಜೋರಾಗಿ ತಳ್ಳುತ್ತದೆ. ಆ ರಭಸಕ್ಕೆ ಗಡುಸು ಕಣಗಳ ಉಜ್ಜಾಟವೂ ಸೇರಿ ಮಿದುಳಿನ ಬುಡದ ದೊಡ್ಡ ನಾಳಗಳ ಒಳಗೋಡೆ ದಪ್ಪಗಾಗುತ್ತಾ ಹೋಗುತ್ತದೆ. ಹೊಳೆ ಕಿರಿದಾದ ಕಡೆ ಸೆಳೆತ ಹೆಚ್ಚಲ್ಲವೇ? ಡಾಪ್ಲರ್ ಹಿಡಿಯುವುದು ಆ ಸೆಳೆತವನ್ನೇ.

ಹೀಗೆ ಸೆಳೆತ ಹೆಚ್ಚಿದ ಮಕ್ಕಳಿಗೆ ರಕ್ತ ಕೊಟ್ಟು ಲಕ್ವ ತಡೆಯಬಹುದೆಂದು ಖಚಿತಪಡಿಸಿದ್ದು ಅಮೆರಿಕದ ಜಾರ್ಜಿಯಾದ ವೈದ್ಯ ರಾಬರ್ಟ್ ಆಡಮ್ಸ್ ಮತ್ತು ಸಂಗಡಿಗರು. ರಕ್ತದ ವೇಗ ಸೆಕೆಂಡಿಗೆ 200 ಸೆಂ.ಮೀ. ಮುಟ್ಟಿದ್ದ 130 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿಯಮಿತವಾಗಿ ರಕ್ತ ಕೊಟ್ಟರು, ಇನ್ನೊಂದಕ್ಕೆ ಎಂದಿನ ಚಿಕಿತ್ಸೆ. ಎಂದಿನ ಚಿಕಿತ್ಸೆಯವರಲ್ಲಿ 11 ಮಕ್ಕಳಿಗೆ ಪಾರ್ಶ್ವವಾಯು ಆಯಿತು, ರಕ್ತ ಪಡೆದವರಲ್ಲಿ ಒಂದು ಮಗುವಿಗೆ. ಅಂತರ ಕಂಡ ಮೇಲೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 1998ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷವಾದರೂ ರಕ್ತ ಪಡೆದ, ನಾಳಗಳು ತೀವ್ರವಾಗಿ ಕೆಡದ ಮಕ್ಕಳಿಗೆ ಆಮೇಲೆ ರಕ್ತದ ಬದಲು ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆಯೂ ಸಾಕಾಗಬಹುದೆಂದು 2016ರ ಇನ್ನೊಂದು ಪ್ರಯೋಗ ತೋರಿಸಿತು.

ನಮ್ಮಲ್ಲಿ ಸೋಲಿಗರು, ಜೇನುಕುರುಬರ ಹಾಡಿ-ಪೋಡುಗಳಲ್ಲಿ ಈ ಕಾಯಿಲೆ ಇದೆ. 2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ರಕ್ತ ಪರೀಕ್ಷಿಸಿ ಕಾರ್ಡು ಕೊಡುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ಕಾಯಿಲೆ ಖಚಿತವಾದ 2ರಿಂದ 16 ವರ್ಷದ ಪ್ರತಿ ಮಗುವಿಗೂ ವರ್ಷಕ್ಕೊಮ್ಮೆ ಡಾಪ್ಲರ್ ಆಗಲೇಬೇಕು. ಕಾರ್ಡು ಕೈಗಿಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಇನ್ನು ಸಾಮಾನ್ಯ ರಕ್ತಹೀನತೆ. ಕೆನಡಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅದುವರೆಗೆ ಆರೋಗ್ಯವಾಗಿದ್ದು ಪಾರ್ಶ್ವವಾಯುವಿಗೆ ತುತ್ತಾದ 15 ಪುಟ್ಟ ಮಕ್ಕಳ ಪೈಕಿ 8 ಮಂದಿಗೆ ಕಬ್ಬಿಣದ ಕೊರತೆಯ ರಕ್ತಹೀನತೆ ಇತ್ತು. ಆರೋಗ್ಯವಂತ 143 ಮಕ್ಕಳಲ್ಲಿ ಅದಿದ್ದದ್ದು 13 ಮಂದಿಗೆ. ಅಧ್ಯಯನ ಚಿಕ್ಕದು, ರಕ್ತ ಕಮ್ಮಿ ಇರುವ ಮಕ್ಕಳಿಗೆಲ್ಲ ಲಕ್ವ ಬರುತ್ತದೆಂದು ಹೆದರಬೇಕಿಲ್ಲ. ಆದರೂ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿ ರಕ್ತಹೀನರಾಗಿರುವ ದೇಶದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಮನಸ್ಸು ಬಾರದು. ‘ಊಟ ಮಾಡಲ್ಲ, ಹಾಲಾದರೂ ಕುಡಿಯಲಿ’ ಎಂದು ಬಾಟಲಿ ಮೇಲೆ ಬಾಟಲಿ ಹಸುವಿನ ಹಾಲು ಕೊಟ್ಟರೆ ಕೊರತೆ ಹೆಚ್ಚುತ್ತದೆ. ಅದರಲ್ಲಿ ಕಬ್ಬಿಣ ಬಹಳ ಕಮ್ಮಿ. ವೈದ್ಯರು ಕೊಟ್ಟ ಕಬ್ಬಿಣದ ಸಿರಪ್ ಕುಡಿದಾಗ ಮಲ ಕಪ್ಪಗಾಗುತ್ತದೆ, ಗಾಬರಿಯಾಗಿ ಔಷಧ ನಿಲ್ಲಿಸಬೇಡಿ. ಆದರೆ ಸಿಕಲ್ ಸೆಲ್ ಇರುವ ಮಗುವಿಗೆ ಇದೇ ಸಿರಪ್ಪನ್ನು ಪರೀಕ್ಷೆ ಮಾಡದೆ ಕುಡಿಸಬಾರದು. ಪದೇ ಪದೇ ರಕ್ತ ಪಡೆದ ಮಕ್ಕಳ ಮೈಯಲ್ಲಿ ಕಬ್ಬಿಣ ಆಗಲೇ ಬೇಕಾದ್ದಕ್ಕಿಂತ ಹೆಚ್ಚು ತುಂಬಿರುತ್ತದೆ.