ಗುಂಯ್‌ಗುಡುವ ಸ್ಟೀರಿಯೋಗೆ ಅರ್ತ್ ಪಿನ್ ಕತ್ತರಿಸುವುದು ಮದ್ದಲ್ಲ

ತುಮಕೂರಿನಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ ನನ್ನ ಮೇಜಿಗೆ ‘ಗುಂಯ್ ಅನ್ನುತ್ತದೆ’ ಎಂಬ ದೂರು ಹೊತ್ತು ಬರುವ ಪೆಟ್ಟಿಗೆಗಳಲ್ಲಿ ಬಹುಪಾಲಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ತಂದವರ ಎದುರಿಗೇ ಅದನ್ನು ನನ್ನ ಸ್ಪೀಕರುಗಳಿಗೆ ಜೋಡಿಸಿ ನಡೆಸಿದರೆ ಅದು ಸದ್ದಿಲ್ಲದೆ ಕುಳಿತಿರುತ್ತದೆ, ಮನೆಗೆ ಒಯ್ದು ಟಿವಿಗೆ ಸೇರಿಸಿದ ಕೂಡಲೇ ಮತ್ತೆ ಶುರುವಾಗುತ್ತದೆ. ಇಷ್ಟಾದರೆ ಚಿಂತೆಯಿಲ್ಲ. ಬೇರೆ ಯಾವುದೋ ದೂರಿಗೆಂದು ಬಂದ ಪೆಟ್ಟಿಗೆಯ ವಯರನ್ನು ಎತ್ತಿ ನೋಡಿದಾಗ ತ್ರೀ ಪಿನ್ ಪ್ಲಗ್ಗಿನ ದಪ್ಪನೆಯ ಪಿನ್ನನ್ನು ಯಾರೋ ಕೊಯ್ದು ಹಾಕಿರುವುದು, ಇಲ್ಲವೇ ಒಳಗಿನ ಹಸಿರು ವಯರನ್ನು ಕತ್ತರಿಸಿ ಟೇಪು ಸುತ್ತಿರುವುದು ಕಾಣುತ್ತದಲ್ಲ, ಆಗ ನನಗೆ ನಿಜವಾಗಿಯೂ ಭಯವಾಗುತ್ತದೆ. ಈ ಬರಹ ಆ ಒಂದು ಪಿನ್ನಿನ ಸಲುವಾಗಿ.

ಪಿನ್ ಕತ್ತರಿಸಿದರೆ ಗುಂಯ್ ನಿಲ್ಲುವುದು ಸುಳ್ಳಲ್ಲ, ಮತ್ತು ನಿಲ್ಲುತ್ತದೆ ಎಂಬುದರಿಂದಲೇ ಈ ಅಭ್ಯಾಸ ಬಾಯಿಂದ ಬಾಯಿಗೆ ಹಬ್ಬಿದೆ. ಅದು ಏಕೆ ನಿಲ್ಲುತ್ತದೆ ಎಂಬುದನ್ನು ತಾಳ್ಮೆಯಿಂದ ನೋಡಬೇಕು. ನಿಮ್ಮ ಆಂಪ್ಲಿಫೈಯರಿನ ಲೋಹದ ಮೈ ಮನೆಯ ಅರ್ತಿಂಗಿಗೆ ಸೇರಿದೆ ಎಂದುಕೊಳ್ಳಿ. ಸೆಟ್-ಟಾಪ್ ಬಾಕ್ಸಿಗೆ ಬರುವ ಕೇಬಲ್ಲಿನ ಹೊರಪದರವೂ ಬೀದಿಯಲ್ಲಿ ಎಲ್ಲೋ ಒಂದು ಕಡೆ ನೆಲಕ್ಕೆ ಸೇರಿರುತ್ತದೆ. ಈ ಎರಡು ನೆಲಗಳ ನಡುವೆ ಸ್ವಲ್ಪವಾದರೂ ವೋಲ್ಟೇಜ್ ಇದ್ದೇ ಇರುತ್ತದೆ. ಬಾಕ್ಸಿನಿಂದ ಆಂಪ್ಲಿಫೈಯರಿಗೆ ನೀವು ಕೆಂಪು-ಬಿಳಿ ತುದಿಯ ಆಡಿಯೋ ವಯರನ್ನು ಚುಚ್ಚಿದೊಡನೆ ಅದರ ಹೊರಪದರ ಈ ಎರಡು ನೆಲಗಳಿಗೆ ಸೇತುವೆಯಾಗಿ, 50 ಹರ್ಟ್ಸ್‌ನ ಕರೆಂಟು ಅದರ ಮೂಲಕ ಸುತ್ತತೊಡಗುತ್ತದೆ. ಇದನ್ನು ನಾವು ಗ್ರೌಂಡ್ ಲೂಪ್ ಎನ್ನುತ್ತೇವೆ. ಆ ಹೊರಪದರಕ್ಕೆ, ಎರಡೂ ತುದಿಯ ಜೋಡಣೆ ಸೇರಿ, 0.1 ಓಮ್ ರೋಧವಿದ್ದು 20 ಮಿಲಿ ಆಂಪಿಯರ್ ಹರಿದರೆ ಅಲ್ಲಿ 2 ಮಿಲಿವೋಲ್ಟ್ ಹುಟ್ಟುತ್ತದೆ. ಹಾಡಿನ ಸಿಗ್ನಲ್ಲಿಗೂ ಅದೇ ಹೊರಪದರವೇ ಹಿಂದಿರುಗುವ ದಾರಿಯಾದ್ದರಿಂದ, ಈ 2 ಮಿಲಿವೋಲ್ಟ್ ಹಾಡಿನ ಜೊತೆಗೇ ಒಳಗೆ ಹೋಗಿ, ಆಂಪ್ಲಿಫೈಯರ್ ಇಪ್ಪತ್ತು ಪಟ್ಟು ಹಿಗ್ಗಿಸಿದರೆ ಸ್ಪೀಕರಿನಲ್ಲಿ 40 ಮಿಲಿವೋಲ್ಟ್ ಆಗುತ್ತದೆ. ರಾತ್ರಿ ಮನೆ ಶಾಂತವಾದಾಗ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಆಂಪ್ಲಿಫೈಯರ್ ತನಗೆ ಕೊಟ್ಟದ್ದನ್ನು ಹಿಗ್ಗಿಸಿತೇ ಹೊರತು ತಾನಾಗಿ ಏನನ್ನೂ ಸೇರಿಸಲಿಲ್ಲ.

ಅರ್ತ್ ಪಿನ್ ತೆಗೆದರೆ ಈ ಸುತ್ತು ಒಂದು ಕಡೆ ಕಡಿಯುತ್ತದೆ, ಆದ್ದರಿಂದ ಗುಂಯ್ ನಿಲ್ಲುತ್ತದೆ. ಆದರೆ ಆ ಪಿನ್ ಅಲ್ಲಿರುವುದು ಸದ್ದಿಗಾಗಿ ಅಲ್ಲವಲ್ಲ. ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಹಾಳಾಗಿಯೋ, ಒಳಗೆ ಒಂದು ವಯರು ಬಿಟ್ಟುಹೋಗಿಯೋ ಫೇಸ್ ಕರೆಂಟು ಪೆಟ್ಟಿಗೆಯ ಮೈಗೆ ತಗುಲಿದರೆ, ಸರಿಯಾದ ಅರ್ತಿಂಗ್ ಇರುವ ಮನೆಯಲ್ಲಿ ದೊಡ್ಡ ಕರೆಂಟು ನೆಲಕ್ಕೆ ಹರಿದು ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಪಿನ್ ಇಲ್ಲದಿದ್ದರೆ ಯಾವುದೂ ಬೀಳುವುದಿಲ್ಲ. ಪೆಟ್ಟಿಗೆ ಹಾಡುತ್ತಲೇ ಇರುತ್ತದೆ, ಅದರ ಮೈಯಲ್ಲಿ 230 ವೋಲ್ಟ್ ನಿಂತಿರುತ್ತದೆ, ಮುಂದಿನ ಸಲ ವಾಲ್ಯೂಮ್ ತಿರುಗಿಸುವ ಕೈಯೇ ನೆಲಕ್ಕೆ ದಾರಿಯಾಗುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ಲೈನು ಕಡಿಯುವ ಸ್ವಿಚ್ಚು, ಹಾಕಿಸಿದ ಮನೆಗಳಲ್ಲಿ ಜೀವ ಉಳಿಯುವ ಸಾಧ್ಯತೆ ಹೆಚ್ಚು, ಆದರೆ ಅದು ಸಹ ಮೈಯೊಳಗೆ ಕರೆಂಟು ಹರಿದ ಮೇಲೆಯೇ ಎಚ್ಚರಗೊಳ್ಳುತ್ತದೆ, ಮತ್ತು ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅನೇಕ ಕಡೆ ಅದು ಇಲ್ಲ. ತ್ರೀ ಪಿನ್ ಪ್ಲಗ್ಗಿನಲ್ಲಿ ಅರ್ತ್ ಪಿನ್ನನ್ನೇ ಉದ್ದ ಮಾಡಿರುವುದು, ಚುಚ್ಚುವಾಗ ಅದು ಮೊದಲು ತಗುಲಿ ಕೀಳುವಾಗ ಕೊನೆಗೆ ಬಿಡಲಿ ಎಂದು. ಅಷ್ಟು ಯೋಚಿಸಿ ಇಟ್ಟ ಪಿನ್ನನ್ನು ಸದ್ದಿನ ಕಾರಣಕ್ಕೆ ಕತ್ತರಿಸಬೇಡಿ.

ತಿಪಟೂರಿನ ಕಡೆಯ ನಿವೃತ್ತ ಮೇಷ್ಟರೊಬ್ಬರು, ಸಂಗೀತವೆಂದರೆ ಪ್ರಾಣ ಬಿಡುವವರು, ಹೀಗೆಯೇ ಪಿನ್ ತೆಗೆಸಿದ್ದರು. “ಕಿತ್ತಾಕಿದ್ಮೇಲೆ ಗುಂಯ್ ಅನ್ನೋದು ನಿಂತೋಯ್ತು ಕಣಪ್ಪ, ಈಗ ಮುಟ್ಟಿದ್ರೆ ಮಾತ್ರ ಸಣ್ಣಗೆ ಜುಮ್ ಅಂತದೆ” ಎಂದು ಅವರು ಸಮಾಧಾನವಾಗಿಯೇ ಹೇಳಿದರು. ವಿಚಾರಿಸಿದಾಗ, ಮನೆಗೆ ಬರುತ್ತಿದ್ದ ಕೇಬಲ್ ತೆಗೆಸಿ ಟಿವಿಯನ್ನು ವೈಫೈಗೆ ಹಾಕಿಸಿಕೊಂಡ ಮೇಲೆ ಈ ಜುಮ್ ಶುರುವಾಗಿತ್ತೆಂದು ತಿಳಿಯಿತು. ಅಲ್ಲಿಯವರೆಗೆ ಆ ಪೆಟ್ಟಿಗೆಗೆ ಉಳಿದಿದ್ದ ಏಕೈಕ ಅರ್ತಿಂಗ್ ಎಂದರೆ ಕೇಬಲ್ಲಿನ ತೆಳ್ಳನೆಯ ಹೊರಪದರ. ಅದೂ ಹೋದ ಮೇಲೆ ಟಿವಿಯ ಪವರ್ ಸಪ್ಲೈನಿಂದ ಸೋರುವ ಅಲ್ಪ ಕರೆಂಟು ಹೋಗಲು ಜಾಗವಿಲ್ಲದೆ ಪೆಟ್ಟಿಗೆಯ ಮೈಯಲ್ಲಿ ನಿಂತಿತ್ತು. ಆ ಸಣ್ಣ ಜುಮ್ ಸಾಮಾನ್ಯವಾಗಿ ಪ್ರಾಣಕ್ಕೆ ಬರುವಂಥದ್ದಲ್ಲ, ಆದರೆ ಪೆಟ್ಟಿಗೆಗೆ ಅರ್ತಿಂಗ್ ಇಲ್ಲ ಎಂಬುದಕ್ಕೆ ಅದು ಸಾಕ್ಷಿ. “ಮೇಷ್ಟ್ರೇ, ಮೊಮ್ಮಕ್ಕಳು ಇದನ್ನು ಮುಟ್ಟುತ್ತಾರಲ್ಲವೇ?” ಎಂದು ಕೇಳಿದೆ. ಪ್ಲಗ್ಗನ್ನು ಅಂದೇ ಬದಲಾಯಿಸಿಕೊಂಡು ಹೋದರು.

ಸುತ್ತನ್ನು ಕಡಿಯಬೇಕಾದ ಜಾಗ ಸಿಗ್ನಲ್ ಹೋಗುವ ದಾರಿ. ಟಿವಿಯಲ್ಲಿ ಆಪ್ಟಿಕಲ್ ಔಟ್‌ಪುಟ್ ಇದ್ದರೆ ಅದರಿಂದ ಒಂದು ಸಣ್ಣ ಡಿಎಸಿಗೆ (ಡಿಜಿಟಲ್ ಸಿಗ್ನಲ್ಲನ್ನು ಮಾಮೂಲಿ ಆಡಿಯೋ ಸಿಗ್ನಲ್ಲಾಗಿಸುವ ಪೆಟ್ಟಿಗೆ), ಅಲ್ಲಿಂದ ಆಂಪ್ಲಿಫೈಯರಿಗೆ ಹೋಗಿ. ಬೆಳಕಿನ ಮೂಲಕ ಕರೆಂಟು ಹರಿಯಲಾರದು, ಆದ್ದರಿಂದ ಆ ದಾರಿಯಲ್ಲಿ ಲೂಪ್ ಉಂಟಾಗುವುದಿಲ್ಲ. ಅದಿಲ್ಲದಿದ್ದರೆ ಆಡಿಯೋ ವಯರಿನ ನಡುವೆ ಒಂದಕ್ಕೊಂದು ಅನುಪಾತದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ತೀರ ಅಗ್ಗದ್ದನ್ನು ಕೊಂಡರೆ ತಗ್ಗಿನ ಸ್ವರಗಳು ಸೊರಗುವುದುಂಟು. ಇದೆಲ್ಲಕ್ಕಿಂತ ಮೊದಲು, ಯಾವ ಖರ್ಚೂ ಇಲ್ಲದೆ, ಟಿವಿ, ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿ ನೋಡಿ. ಎಷ್ಟೋ ಮನೆಗಳಲ್ಲಿ ಅಷ್ಟರಿಂದಲೇ ಸದ್ದು ಅರ್ಧಕ್ಕಿಳಿಯುತ್ತದೆ.

ದೋಷ ಎಲ್ಲಿದೆಯೆಂದು ಹುಡುಕುವುದು ಕಷ್ಟವಲ್ಲ. ಆಂಪ್ಲಿಫೈಯರಿನ ಹಿಂದೆ ಸ್ಪೀಕರ್ ವಯರು ಮತ್ತು ಪವರ್ ವಯರನ್ನು ಬಿಟ್ಟು ಉಳಿದೆಲ್ಲವನ್ನೂ ಕಿತ್ತು, ವಾಲ್ಯೂಮನ್ನು ಸೊನ್ನೆಗಿಳಿಸಿ ಕೇಳಿ. ಸದ್ದು ನಿಂತಿದ್ದರೆ ಒಂದೊಂದೇ ವಯರನ್ನು ಮತ್ತೆ ಚುಚ್ಚಿ, ಪ್ರತಿ ಸಲವೂ ವಾಲ್ಯೂಮ್ ಏರಿಸಿ ಕೇಳುತ್ತ ಬನ್ನಿ, ಯಾವುದರಿಂದ ಶುರುವಾಯಿತೋ ಅದೇ ಅಪರಾಧಿ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿದರೆ ಅನುಮಾನ ಪರಿಹಾರವಾಗುತ್ತದೆ. ಎಲ್ಲ ವಯರು ಕಿತ್ತ ಮೇಲೆಯೂ, ವಾಲ್ಯೂಮ್ ಸೊನ್ನೆಯಲ್ಲಿದ್ದಾಗಲೂ ಒಂದೇ ಮಟ್ಟದಲ್ಲಿ ಗುಂಯ್ ಎನ್ನುತ್ತಿದ್ದರೆ ಆಗ ಮಾತ್ರ ಪೆಟ್ಟಿಗೆಯ ಒಳಗೆ ಪವರ್ ಸಪ್ಲೈಯ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿರುವ ಸಂಭವ ಹೆಚ್ಚು. ಆ ಸದ್ದು 100 ಹರ್ಟ್ಸ್‌ನದು, ಲೂಪಿನ ಗುಂಯ್‌ಗಿಂತ ತುಸು ಒರಟು. ಸ್ಪೀಕರ್ ಬಿಟ್ಟು ಪೆಟ್ಟಿಗೆಯೇ ಗುನುಗುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರಿನ ಕಂಪನ, ಅದರ ವಿಚಾರವೇ ಬೇರೆ. ಫ್ಯಾನಿನ ವೇಗ ಬದಲಾಯಿಸಿದಂತೆ ಬುಜ್ಜೆಂಬ ಸದ್ದು ಬದಲಾದರೆ ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ತೆಗೆದು ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿ.

ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡವರು ಇನ್ನಷ್ಟು ಸೂಕ್ಷ್ಮವಾಗಿರಬೇಕು. ಮುಳ್ಳನ್ನು ಹಿಡಿದಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 3ರಿಂದ 5 ಮಿಲಿವೋಲ್ಟ್ ಮಾತ್ರ. ಆಂಪ್ಲಿಫೈಯರಿನಲ್ಲಿ ರೆಕಾರ್ಡಿಗೆಂದೇ ಇರುವ ಫೋನೋ ಹಂತ ಅದನ್ನು ನೂರು ಪಟ್ಟು ಹಿಗ್ಗಿಸುವುದಲ್ಲದೆ, ರೆಕಾರ್ಡುಗಳಿಗಾಗಿ ಗೊತ್ತುಮಾಡಿದ ಆರ್‌ಐಎಎ ನಿಯಮದ ಪ್ರಕಾರ 50 ಹರ್ಟ್ಸ್ ಸ್ವರವನ್ನು 1,000 ಹರ್ಟ್ಸ್‌ಗಿಂತ ಸುಮಾರು ಏಳು ಪಟ್ಟು ಹೆಚ್ಚು ಎತ್ತುತ್ತದೆ. ಪ್ಲೇಯರಿನಿಂದ ಬರುವ ತೆಳ್ಳನೆಯ ಒಂಟಿ ವಯರನ್ನು ಆಂಪ್ಲಿಫೈಯರಿನ ಜಿಎನ್‌ಡಿ ಸ್ಕ್ರೂಗೆ ಬಿಗಿದಿಲ್ಲದಿದ್ದರೆ ಗುಂಯ್ ಬಂದೇ ಬರುತ್ತದೆ.

ಸುಯ್ ಎಂಬ ಸದ್ದಿಗೆ ಹೆಚ್ಚು ಮಾತು ಬೇಡ. ಪ್ರತಿಯೊಂದು ರೆಸಿಸ್ಟರೂ ತನ್ನ ಬಿಸಿಯಿಂದಲೇ ಅಲ್ಪ ಸದ್ದು ಹುಟ್ಟಿಸುತ್ತದೆ ಎಂಬುದನ್ನು ಜಾನ್ಸನ್ ಮತ್ತು ನೈಕ್ವಿಸ್ಟ್ ಎಂಬ ವಿಜ್ಞಾನಿಗಳು 1928ರಲ್ಲೇ ಪ್ರಕಟಿಸಿದ್ದಾರೆ, ಆದ್ದರಿಂದ ಟ್ವೀಟರಿಗೆ, ಅಂದರೆ ಏರು ಸ್ವರದ ಚಿಕ್ಕ ಸ್ಪೀಕರಿಗೆ, ಕಿವಿಯಿಟ್ಟಾಗ ಮಾತ್ರ ಕೇಳುವ ಸುಯ್ ದೋಷವಲ್ಲ. ಕೂತ ಜಾಗಕ್ಕೂ ಕೇಳಿಸಿದರೆ, ಮೊಬೈಲಿನ ವಾಲ್ಯೂಮ್ ತಗ್ಗಿಸಿ ಆಂಪ್ಲಿಫೈಯರನ್ನು ಪೂರ್ತಿ ಏರಿಸಿಟ್ಟಿದ್ದೀರಾ ನೋಡಿ, ಅದನ್ನು ತಿರುವುಮುರುವು ಮಾಡಿ. ಒಂದೇ ಚಾನೆಲ್ಲಿನಲ್ಲಿ ಸುಯ್ ಜೊತೆಗೆ ಚರಚರ ಎಂದರೆ ಟ್ರಾನ್ಸಿಸ್ಟರನ್ನೋ ಐಸಿಯನ್ನೋ ಪರೀಕ್ಷಿಸಬೇಕಾಗುತ್ತದೆ.

ಇನ್ನು ಮನೆಯ ಅರ್ತಿಂಗ್. ಮಧುಗಿರಿ, ಪಾವಗಡ, ಶಿರಾದಂಥ ಕಲ್ಲುನೆಲದ ಒಣ ಸೀಮೆಯಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿ ಅದರ ರೋಧ ಏರುತ್ತದೆ. ಆಗ ಮೋಟಾರು, ಫ್ರಿಜ್, ಗೀಜರುಗಳಿಂದ ಸೋರಿದ ಕರೆಂಟು ಮನೆಯ ಅರ್ತ್ ವಯರನ್ನೇ ಕೆಲವು ವೋಲ್ಟ್ ಮೇಲಕ್ಕೆತ್ತುವುದರಿಂದ, ಬೀದಿಯಿಂದ ಬಂದ ಕೇಬಲ್ಲಿನ ಜೊತೆಗಿನ ಲೂಪ್ ಇನ್ನಷ್ಟು ಜೋರಾಗಿ ಗುಂಯ್‌ಗುಡಬಹುದು. ಮಾರ್ಚಿಯಿಂದಾಚೆ ಸದ್ದು ಹೆಚ್ಚಾಯಿತು ಎನ್ನುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ, ಗುಂಡಿಗೆ ನೀರು ಹಾಕಿ ಎಷ್ಟು ದಿನವಾಯಿತು ಎಂಬುದು. ಕೆಲವು ಮನೆಗಳಲ್ಲಿ ಹಸಿರು ವಯರು ಮೀಟರ್ ಬೋರ್ಡಿನ ತನಕ ಬಂದು ಅಲ್ಲಿಯೇ ನಿಂತಿರುತ್ತದೆ, ಗುಂಡಿಯನ್ನೇ ತೋಡಿರುವುದಿಲ್ಲ. ಇದನ್ನು ನಿಯಾನ್ ಟೆಸ್ಟರಿನಿಂದ ತಿಳಿಯಲಾಗದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅರ್ತ್ ಟೆಸ್ಟರಿನಿಂದ ಅಳೆಯಿಸಿ, ಅದರ ನಂತರವೂ ಸದ್ದು ಉಳಿದರೆ ಆಂಪ್ಲಿಫೈಯರನ್ನು ನನ್ನ ಬಳಿಗೆ ತನ್ನಿ, ಬರುವಾಗ ಸೆಟ್-ಟಾಪ್ ಬಾಕ್ಸನ್ನೂ ಆಡಿಯೋ ವಯರುಗಳನ್ನೂ ಜೊತೆಗೆ ತನ್ನಿ.