ನಾನು ಹೇಳಿದ್ದು ಫೋನಿಗೆ ತಿಳಿಯುತ್ತದೆ, ಮಗಳು ಹೇಳಿದ್ದು ಯಾಕೆ ತಿಳಿಯಲ್ಲ?

ಪ್ರಶ್ನೆ: ನಾನು ಮಾತಾಡಿದ್ದನ್ನು ಫೋನು ಸರಿಯಾಗಿ ಬರೆದುಕೊಳ್ಳುತ್ತದೆ. ಐದು ವರ್ಷದ ಮಗಳು ಅದನ್ನೇ ಹೇಳಿದರೆ ಏನೇನೋ ಬರೆಯುತ್ತದೆ. ಅವಳ ಧ್ವನಿ ಕೀಚಲು ಅಂತಲಾ?

ಉತ್ತರ: ಕೀಚಲು ಧ್ವನಿಯದ್ದೂ ಪಾಲಿದೆ. ಆದರೆ ಅದಕ್ಕಿಂತ ಮೊದಲು ನೋಡಬೇಕಾದ್ದು ಅವಳ ಗಂಟಲಿನಿಂದ ತುಟಿಯವರೆಗಿನ ಉದ್ದ.

ನಲ್ಲಿ ಕೆಳಗೆ ಕೊಡ ಇಟ್ಟು ಒಳಗೆ ಹೋಗಿರುತ್ತೀರಿ. ನೀರು ತುಂಬುತ್ತಾ ಬಂದ ಹಾಗೆ ಸದ್ದು ಸಣ್ಣಗಾಗಿ ಮೇಲೇರುತ್ತದೆ. ನೋಡದೆಯೇ ಓಡಿ ಬಂದು ನಲ್ಲಿ ನಿಲ್ಲಿಸುತ್ತೀರಿ, ಅಲ್ವಾ? ಕೊಡದೊಳಗೆ ಗಾಳಿಗೆ ಜಾಗ ಕಮ್ಮಿಯಾದಷ್ಟೂ ಸ್ವರ ಏರುತ್ತದೆ. ಬಾಯಿಯೊಳಗೂ ಹಾಗೇ.

ಗಂಡಸರಲ್ಲಿ ಧ್ವನಿಪೆಟ್ಟಿಗೆಯಿಂದ ತುಟಿಗೆ ಸುಮಾರು 17 ಸೆಂ.ಮೀ. ಒಂದು ತುದಿ ಮುಚ್ಚಿದ ಅಷ್ಟುದ್ದದ ಕೊಳವೆಯಲ್ಲಿ ಗಾಳಿ ಸುಮಾರು 500, 1500, 2500 ಹರ್ಟ್ಜ್‌ನಲ್ಲಿ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ಜೋರಾಗಿ ಮೊಳಗುತ್ತದೆ. ಇವಕ್ಕೆ ಫಾರ್ಮೆಂಟ್ ಎನ್ನುತ್ತಾರೆ. ನಾಲಿಗೆ, ತುಟಿ ಆಡಿಸಿದಾಗ ಇವು ಆಚೀಚೆ ಸರಿಯುತ್ತವೆ. ಸುಮ್ನೆ ಒಮ್ಮೆ ಗಂಟಲ ಮೇಲೆ ಬೆರಳಿಟ್ಟು, ಪಿಸುದನಿಯಲ್ಲಿ ‘ಆ’ ಅನ್ನಿ, ‘ಈ’ ಅನ್ನಿ. ಗಂಟಲು ಅದುರುವುದೇ ಇಲ್ಲ. ಶ್ರುತಿಯೇ ಇಲ್ಲದಿದ್ದರೂ ಎರಡೂ ಅಕ್ಷರ ಬೇರೆ ಬೇರೆಯಾಗಿ ಕೇಳುತ್ತವೆ. ಆ ವ್ಯತ್ಯಾಸ ಫಾರ್ಮೆಂಟ್‌ನದ್ದು.

ನಿಮ್ಮ ಮಗಳ ಕೊಳವೆ ಸುಮಾರು 11 ಸೆಂ.ಮೀ. ಇರಬಹುದು. ಹಾಗಾಗಿ ಅವಳ ಫಾರ್ಮೆಂಟ್‌ಗಳೆಲ್ಲ ಮೇಲಿರುತ್ತವೆ. 1952ರಲ್ಲಿ ಅಮೆರಿಕದ ಬೆಲ್ ಲ್ಯಾಬ್‌ನ ಪೀಟರ್ಸನ್ ಮತ್ತು ಬಾರ್ನಿ 76 ಜನರ ಸ್ವರಗಳನ್ನು ಅಳೆದರು. ಇಂಗ್ಲಿಷಿನ ‘ಈ’ ಸ್ವರದ ಎರಡನೇ ಫಾರ್ಮೆಂಟ್ ಗಂಡಸರಲ್ಲಿ ಸರಾಸರಿ 2290 ಹರ್ಟ್ಜ್, ಮಕ್ಕಳಲ್ಲಿ 3200. ದೊಡ್ಡವರ ಮಾತು ಕೇಳಿಯೇ ಕಲಿತ ಯಂತ್ರ ಇಲ್ಲಿ ತಬ್ಬಿಬ್ಬಾಗುತ್ತದೆ.

ಇನ್ನು ಕೀಚಲು ಧ್ವನಿಯ ವಿಷಯ. ಧ್ವನಿಪೆಟ್ಟಿಗೆಯ ಸದ್ದು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಗಂಡಸಿನ ಶ್ರುತಿ 120 ಹರ್ಟ್ಜ್ ಆದರೆ 120, 240, 360, ಹೀಗೆ. ಮಗುವಿನದ್ದು 300 ಆದರೆ 300, 600, 900. ಮೆಟ್ಟಿಲುಗಳು ದೂರ ದೂರ. ಫಾರ್ಮೆಂಟ್ ಎರಡರ ನಡುವೆ ಬಿದ್ದರೆ ಅದು ಎಲ್ಲಿದೆ ಎಂದು ಪತ್ತೆ ಹಚ್ಚುವುದು ಕಷ್ಟ.

ಪರಿಹಾರವೂ ಈ ಭೌತಶಾಸ್ತ್ರದಿಂದಲೇ ಬಂತು. 1990ರ ದಶಕದಲ್ಲಿ, ಮಾತಾಡುವವರ ಕೊಳವೆಯ ಉದ್ದಕ್ಕೆ ತಕ್ಕಂತೆ ಅವರ ಧ್ವನಿಯ ಆವರ್ತನಗಳನ್ನು ಹಿಗ್ಗಿಸಿ ಕುಗ್ಗಿಸಿ, ಯಾವ ಅಳತೆ ಚೆನ್ನಾಗಿ ಹೊಂದುತ್ತದೋ ಅದನ್ನು ಆರಿಸುವ ವಿಧಾನ ಬಳಕೆಗೆ ಬಂತು. ಈಗ ಅದನ್ನೇ ತಿರುಗಿಸಿ, ಕಲಿಸುವಾಗಲೇ ದೊಡ್ಡವರ ರೆಕಾರ್ಡಿಂಗ್‌ಗಳನ್ನು ಹೀಗೆ ಬದಲಾಯಿಸಿ ಯಂತ್ರಕ್ಕೆ ಕೊಡುವುದೂ ಇದೆ. ಮಕ್ಕಳ ರೆಕಾರ್ಡಿಂಗ್ ಸಾಕಷ್ಟು ಇಲ್ಲದ ಕಡೆ ಇದು ದೊಡ್ಡ ಆಸರೆ ಎಂದು ನನಗನ್ನಿಸುತ್ತದೆ. ಆದರೆ ‘ರೈಲು’ ಅನ್ನುವ ಬದಲು ‘ಲೈಲು’ ಅನ್ನುವ ಮಗುವಿನ ಮಾತು ಕೊಳವೆಯ ಲೆಕ್ಕದಲ್ಲಿ ಸಿಗುವುದಿಲ್ಲ. ಅದಕ್ಕೆ ಮಕ್ಕಳ ದನಿಯನ್ನೇ ಕೇಳಿಸಿ ಕಲಿಸಬೇಕು.

ಅಲ್ಲಿಯವರೆಗೆ ‘ಜೋರಾಗಿ ಹೇಳು ಪುಟ್ಟಿ’ ಅನ್ನಬೇಡಿ. ಕೂಗಿದರೆ ಶ್ರುತಿ ಇನ್ನೂ ಏರಿ ಮೆಟ್ಟಿಲುಗಳು ಇನ್ನೂ ದೂರವಾಗುತ್ತವೆ. ಫೋನನ್ನೇ ಅವಳ ಬಾಯಿಯ ಹತ್ತಿರ ಹಿಡಿಯಿರಿ, ಅವಳು ಮಾಮೂಲಿಯಾಗಿ ಮಾತಾಡಲಿ.