ಪಿಸಿಬಿಯಲ್ಲಿ 131 ಬಂದಿದೆ, ನರ್ಸಿಂಗ್ ಸೀಟು ಸಿಗುತ್ತದೆಯೇ?

ದ್ವಿತೀಯ ಪಿಯುಸಿ ವಿಜ್ಞಾನ. ಭೌತಶಾಸ್ತ್ರ 38, ರಸಾಯನಶಾಸ್ತ್ರ 41, ಜೀವಶಾಸ್ತ್ರ 52. ಈ ಮೂರನ್ನು (ಪಿಸಿಬಿ) ಕೂಡಿದರೆ 300ಕ್ಕೆ 131, ಅಂದರೆ ಶೇ 43.67. ಇಂಥ ಮಾರ್ಕ್ಸ್ ಕಾರ್ಡ್ ಕೈಗೆ ಬಂದ ದಿನವೇ ಮನೆಯಲ್ಲಿ ‘ನರ್ಸಿಂಗ್ ಆಸೆ ಬಿಟ್ಟುಬಿಡು’ ಎಂಬ ಮಾತು ಶುರುವಾಗುತ್ತದೆ. ಅದೇ ವಾರ ಏಜೆಂಟರ ಫೋನೂ ಬರುತ್ತದೆ. ಇಬ್ಬರ ಮಾತನ್ನೂ ಸ್ವಲ್ಪ ಬದಿಗಿಟ್ಟು ಹಾಳೆ, ಪೆನ್ನು ಹಿಡಿದು ಕೂರಿ. ಎಲ್ಲಿ ಕಡಿಮೆ, ಎಷ್ಟು ಕಡಿಮೆ ಎಂದು ಗೊತ್ತಾದರೆ ಮುಂದಿನ ದಾರಿ ಅಲ್ಲಿಂದಲೇ ತೆರೆದುಕೊಳ್ಳುತ್ತದೆ.

ಬಿ.ಎಸ್ಸಿ ನರ್ಸಿಂಗ್‌ಗೆ ಭಾರತೀಯ ಶುಶ್ರೂಷಾ ಪರಿಷತ್ತು (ಐಎನ್‌ಸಿ) ಕೇಳುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಶೇ 45 ಅಂಕ. ಇಂಗ್ಲಿಷ್ ಪಾಸಾಗಿರಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಶೇ 45 ಎಂದರೆ 300ಕ್ಕೆ 135. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇ 40, ಅಂದರೆ 120 ಸಾಕು. ಮೇಲಿನ ಮಾರ್ಕ್ಸ್ ಕಾರ್ಡ್ ಪರಿಶಿಷ್ಟ ಜಾತಿಯ ವಿದ್ಯಾರ್ಥಿಯದಾಗಿದ್ದರೆ ಅದು ಈಗಾಗಲೇ ಅರ್ಹ. ಸಾಮಾನ್ಯ ವರ್ಗದವರದಾದರೆ ಕೊರತೆ ಇರುವುದು ಬರೀ ನಾಲ್ಕು ಅಂಕ.

ಹೆಚ್ಚಿನವರು ಎಡವುವುದು ಇಲ್ಲೇ. ಮಾರ್ಕ್ಸ್ ಕಾರ್ಡಿನ ಕೆಳಗೆ 600ಕ್ಕೆ ಬರೆದಿರುವ ಒಟ್ಟು ಮೊತ್ತವನ್ನೇ ನೋಡುತ್ತಾರೆ. ಕನ್ನಡದಲ್ಲಿ 85, ಗಣಿತದಲ್ಲಿ 70 ಬಂದಿದ್ದರೂ ಈ ಲೆಕ್ಕಕ್ಕೆ ಅವು ಸೇರುವುದಿಲ್ಲ. ಹಾಗೆಯೇ ಒಟ್ಟು ಶೇಕಡಾವಾರು 44ಕ್ಕೆ ಇಳಿದಿದ್ದರೂ ಪಿಸಿಬಿಯಲ್ಲಿ 140 ಇದ್ದರೆ ನೀವು ಅರ್ಹರು. ಇನ್ನೊಂದು ಮಾತು: 134 ಬಂದರೆ ಶೇ 44.67 ಆಗುತ್ತದೆ. ಅದನ್ನು 45 ಎಂದು ಲೆಕ್ಕ ಹಿಡಿದು ಯಾರಿಗೂ ಮುಂಗಡ ಕಟ್ಟಬೇಡಿ.

ನಾಲ್ಕೈದು ಅಂಕದ ಕೊರತೆಯಿದ್ದರೆ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಿ. ಕೂಡುವುದರಲ್ಲಿ ತಪ್ಪಿದೆಯೇ, ಯಾವುದಾದರೂ ಉತ್ತರಕ್ಕೆ ಅಂಕ ಹಾಕದೆ ಬಿಟ್ಟಿದ್ದಾರೆಯೇ ಎಂದು ಉಪನ್ಯಾಸಕರ ಜೊತೆ ಕೂತು ನೋಡಿ. ಆಮೇಲೆ ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಹಾಕಿ. ಇದರ ಜೊತೆಗೇ ಪರೀಕ್ಷೆ 2ಕ್ಕೂ ಕಟ್ಟಿ. ಒಂದರ ಫಲಿತಾಂಶಕ್ಕೆ ಕಾದು ಇನ್ನೊಂದರ ದಿನಾಂಕ ತಪ್ಪಿಸಿಕೊಳ್ಳಬೇಡಿ. 2024ರಿಂದ ಕರ್ನಾಟಕದಲ್ಲಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಹಾಗಾಗಿ ಬರೆದು ನೋಡುವುದರಿಂದ ಕಳೆದುಕೊಳ್ಳುವುದೇನಿಲ್ಲ.

ಯಾವ ವಿಷಯ ಮತ್ತೆ ಬರೆಯಬೇಕು? ಅತಿ ಕಡಿಮೆ ಬಂದಿರುವುದನ್ನು ಹಿಡಿಯುವುದು ರೂಢಿ. ನನ್ನ ಸಲಹೆ ಜೀವಶಾಸ್ತ್ರ. ನಿಯಮ ಕೇಳುವುದು ಮೂರರ ಮೊತ್ತವನ್ನು, ಆದ್ದರಿಂದ ಅಂಕ ಯಾವ ವಿಷಯದಿಂದ ಬಂದರೂ ಒಂದೇ. ಐದಾರು ವಾರದಲ್ಲಿ ಭೌತಶಾಸ್ತ್ರವನ್ನು 38ರಿಂದ 50ಕ್ಕೆ ಎತ್ತುವುದಕ್ಕಿಂತ ಜೀವಶಾಸ್ತ್ರವನ್ನು 52ರಿಂದ 65ಕ್ಕೆ ತರುವುದು ಸುಲಭ. ಮಾನವ ಸಂತಾನೋತ್ಪತ್ತಿ, ಸಂತಾನೋತ್ಪತ್ತಿ ಆರೋಗ್ಯ, ಅನುವಂಶೀಯತೆ, ಮಾನವನ ಆರೋಗ್ಯ ಮತ್ತು ರೋಗ, ಈ ಅಧ್ಯಾಯಗಳನ್ನು ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ ಓದಿ. ಇದೇ ಪಾಠ ನರ್ಸಿಂಗ್ ಕಾಲೇಜಿನಲ್ಲೂ ಮತ್ತೆ ಎದುರಾಗುತ್ತದೆ, ಓದಿದ್ದು ದಂಡವಾಗುವುದಿಲ್ಲ.

ಸಿಇಟಿ ವಿಚಾರ. ಬಿ.ಎಸ್ಸಿ ನರ್ಸಿಂಗ್ ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸಿಇಟಿಗೆ ಸೇರಿವೆ, ಮತ್ತು ಸಿಇಟಿ ಅರ್ಜಿ ಪಿಯುಸಿ ಫಲಿತಾಂಶಕ್ಕಿಂತ ಎಷ್ಟೋ ಮೊದಲೇ ಮುಗಿದುಹೋಗುತ್ತದೆ. ‘ನನಗೆ ಹೇಗೂ ಅಂಕ ಬರಲ್ಲ’ ಎಂದುಕೊಂಡು ಅರ್ಜಿಯನ್ನೇ ಹಾಕದವರು, ಆಮೇಲೆ 140 ಬಂದಾಗ ಕೈ ಹಿಸುಕಿಕೊಳ್ಳುತ್ತಾರೆ. ಇದು ನಿಜಕ್ಕೂ ಸಂಕಟದ ನಷ್ಟ, ಏಕೆಂದರೆ ಇಲ್ಲಿ ಸೋತದ್ದು ಓದಿನಲ್ಲಿ ಅಲ್ಲ. ಅನುಮಾನವಿದ್ದರೂ ಅರ್ಜಿ ಹಾಕಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಪತ್ರಿಕೆ ಬರೆಯಿರಿ. ಒಂದೊಂದರಲ್ಲೂ 60 ಪ್ರಶ್ನೆ, 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಎಂಆರ್ ಹಾಳೆಯಲ್ಲಿ ಒಂದು ಪ್ರಶ್ನೆಯನ್ನೂ ಉತ್ತರ ಗುರುತಿಸದೆ ಬಿಡಬೇಡಿ. ಪಿಯುಸಿಯನ್ನು ಮತ್ತೆ ಬರೆದು ಅಂಕ ಏರಿದರೆ ಕೆಇಎ ಪೋರ್ಟಲ್‌ನಲ್ಲಿ ಹೊಸ ಅಂಕವೇ ಕಾಣುತ್ತಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ರ್‍ಯಾಂಕ್ ಹಿಂದೆ ಬಿದ್ದವರಿಗೆ ಮೀಸಲಾತಿಯ ದಾಖಲೆಗಳೇ ಆಸರೆ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿಯಿರುವ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ ಉಪವಿಭಾಗಾಧಿಕಾರಿ ಕೊಡುವ, ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪತ್ರ. ಅರ್ಜಿಯಲ್ಲಿ ಕೇಳಿಕೊಳ್ಳದ ಮೀಸಲಾತಿ ಆಮೇಲೆ ತಾನಾಗಿ ಬರುವುದಿಲ್ಲ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಅದನ್ನೂ ಈಗಲೇ ಸರಿಮಾಡಿಸಿ.

ಕಲಾ, ವಾಣಿಜ್ಯ ಓದಿದವರದು ಬೇರೆಯೇ ಲೆಕ್ಕ. ಅವರಿಗೆ ಹತ್ತಿರದ ದಾರಿ ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಎಂಬ ಮೂರು ವರ್ಷದ ಡಿಪ್ಲೊಮಾ. ಯಾವ ವಿಭಾಗದ ಪಿಯುಸಿಯಾದರೂ ಸರಿ, ಒಟ್ಟು ಶೇ 40 ಅಂಕ ಮತ್ತು ಇಂಗ್ಲಿಷ್ ಇರಬೇಕು; ವಿಜ್ಞಾನದವರಿಗೆ ಆದ್ಯತೆ. ಮುಗಿಸಿದವರು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತ ನರ್ಸ್ ಆಗುತ್ತಾರೆ, ನಂತರ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಬಹುದು. ಒಟ್ಟು ಐದು ವರ್ಷ. ನೇರ ಬಿ.ಎಸ್ಸಿಗಿಂತ ಒಂದೇ ವರ್ಷ ಹೆಚ್ಚು. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಪರೀಕ್ಷೆಗೂ ಜಿಎನ್‌ಎಂ ಆದವರು ಕೂರಬಹುದು. ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಹೀಗಿರುವಾಗ ‘ಡಿಪ್ಲೊಮಾ ಮಾತ್ರ’ ಎಂದು ಮೂಗು ಮುರಿಯುವವರ ಮಾತಿಗೆ ಬೆಲೆ ಕೊಡಬೇಕಿಲ್ಲ.

ಶೇ 40ಕ್ಕೂ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ) ಇದೆ. ಈಗ ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಕರೆಯುವ ಹುದ್ದೆಯ ಮೂಲ ಓದು ಅದು. ಎಎನ್‌ಎಂ ಪಾಸಾಗಿ ನೋಂದಣಿ ಮಾಡಿಸಿಕೊಂಡವರು ಆ ಆಧಾರದ ಮೇಲೆಯೇ ಜಿಎನ್‌ಎಂಗೆ ಅರ್ಹರು.

ಬಿ.ಎಸ್ಸಿಯೇ ಬೇಕು, ಆದರೆ ಪಿಯುಸಿಯಲ್ಲಿ ವಿಜ್ಞಾನ ಇರಲಿಲ್ಲ ಎನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್. ಭೌತಶಾಸ್ತ್ರ 312, ರಸಾಯನಶಾಸ್ತ್ರ 313, ಜೀವಶಾಸ್ತ್ರ 314, ಇಂಗ್ಲಿಷ್ 302 ಎಂಬ ವಿಷಯ ಸಂಕೇತಗಳಲ್ಲಿ ಕಟ್ಟಬೇಕು. ಈ ಪ್ರಮಾಣಪತ್ರವನ್ನು ಐಎನ್‌ಸಿ ಒಪ್ಪುತ್ತದೆ. ಕೆಡುವುದು ಪ್ರಾಯೋಗಿಕ ಪರೀಕ್ಷೆಯಲ್ಲಿ: ಮನೆಯಲ್ಲೇ ಓದಿ ಲ್ಯಾಬ್ ಕಡೆ ತಲೆ ಹಾಕದವರು ಥಿಯರಿ ಪಾಸಾಗಿ ಅಲ್ಲಿ ಸಿಕ್ಕಿಬೀಳುತ್ತಾರೆ. ಅಧ್ಯಯನ ಕೇಂದ್ರದ ಲ್ಯಾಬ್ ತರಗತಿ ತಪ್ಪಿಸಬೇಡಿ.

ಏಜೆಂಟರ ಮಾತಿಗೆ ಬರೋಣ. ‘ಎಸ್‌ಎಸ್‌ಎಲ್‌ಸಿ ಫೇಲಾದರೂ ನರ್ಸಿಂಗ್’ ಎಂಬ ಆರು ತಿಂಗಳ ಕೋರ್ಸುಗಳು ಆಸ್ಪತ್ರೆ ಸಹಾಯಕರ ತರಬೇತಿ ಮಾತ್ರ, ಅದರಿಂದ ನರ್ಸ್ ಆಗಿ ನೋಂದಣಿ ಆಗುವುದಿಲ್ಲ. ಅಂಚೆ ಶಿಕ್ಷಣದಲ್ಲಿ ಜಿಎನ್‌ಎಂ ಇಲ್ಲವೇ ಇಲ್ಲ. ಕಾಲೇಜು ನೋಡಲು ಹೋದಾಗ ಮೂರು ಪ್ರಶ್ನೆ ಕೇಳಿ. ಈ ವರ್ಷಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ (ಜಿಎನ್‌ಎಂ ಆದರೆ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿದೆಯೇ)? ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ? ಐಎನ್‌ಸಿ ಪಟ್ಟಿಯಲ್ಲಿ ಹೆಸರಿದೆಯೇ? ಮೂರನೆಯದು ಇಲ್ಲದಿದ್ದರೆ ಆ ಕೊರತೆ ಬೇರೆ ರಾಜ್ಯದಲ್ಲಿ, ವಿದೇಶದಲ್ಲಿ ಕೆಲಸ ಹುಡುಕುವಾಗ ಕಾಡುತ್ತದೆ. ಜೊತೆಗೆ ವಾರ್ಡ್ ಡ್ಯೂಟಿಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಎಂದು ಕೇಳಿ, ಸಾಧ್ಯವಾದರೆ ಹೋಗಿ ನೋಡಿ. ಮೂಲ ಮಾರ್ಕ್ಸ್ ಕಾರ್ಡ್ ಏಜೆಂಟರ ಕೈಗೆ ಯಾವ ಕಾರಣಕ್ಕೂ ಬೇಡ. ಕಾಲೇಜು ಪರಿಶೀಲನೆಗೆ ಪಡೆದರೆ ಸಹಿ, ಸೀಲು ಇರುವ ಸ್ವೀಕೃತಿ ಪಡೆಯಿರಿ.

ಸೀಟು ಸಿಕ್ಕ ಮೇಲೆ ಮೊದಲ ಸೆಮಿಸ್ಟರ್ ಬಿಗಿಯಾಗಿರುತ್ತದೆ. ಅಂಗರಚನೆ ಮತ್ತು ಶರೀರಕ್ರಿಯಾ ಶಾಸ್ತ್ರ, ಸಮಾಜಶಾಸ್ತ್ರ ಮತ್ತು ಮನಃಶಾಸ್ತ್ರ, ನರ್ಸಿಂಗ್ ಫೌಂಡೇಶನ್, ಇಂಗ್ಲಿಷ್. ಪಿಯುಸಿಯಂತೆ ಮೂವತ್ತರ ಆಸುಪಾಸಿನ ಅಂಕಕ್ಕೆ ಇಲ್ಲಿ ಪಾಸಿಲ್ಲ. ಇಂಗ್ಲಿಷ್‌ಗೆ ಶೇ 40 ಸಾಕು, ಮುಖ್ಯ ವಿಷಯಗಳಲ್ಲಿ ಥಿಯರಿಗೂ ಪ್ರಾಕ್ಟಿಕಲ್‌ಗೂ ಬೇರೆಬೇರೆಯಾಗಿ ಶೇ 50 ಬೇಕು. ಹಾಜರಾತಿ ಶೇ 80. ಕನ್ನಡ ಮಾಧ್ಯಮದಿಂದ ಬಂದವರು ಸೇರುವ ಮೊದಲಿನ ಬಿಡುವಿನಲ್ಲೇ ದಿನಕ್ಕೆ ಹತ್ತು ಇಂಗ್ಲಿಷ್ ವೈದ್ಯಕೀಯ ಪದಗಳನ್ನು ಕಾಗುಣಿತ ಸಮೇತ ಬರೆದು ಕಲಿಯಲಿ.

ಗಣಿತದಲ್ಲಿ ಹಿಂದಿರುವವರು ಭಿನ್ನರಾಶಿ, ಶೇಕಡಾವಾರು, ಮಿಲಿಗ್ರಾಂ–ಗ್ರಾಂ ಪರಿವರ್ತನೆ ಇಷ್ಟನ್ನು ಗಟ್ಟಿ ಮಾಡಿಕೊಳ್ಳಬೇಕು. ವಾರ್ಡಿನಲ್ಲಿ 500 ಮಿಲಿ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು ಎನ್ನುತ್ತಾರೆ, ಡ್ರಿಪ್ ಸೆಟ್ಟಿನ ಮೇಲೆ 1 ಮಿಲಿಗೆ 20 ಹನಿ ಎಂದಿದೆ. 500ನ್ನು 20ರಿಂದ ಗುಣಿಸಿದರೆ 10,000 ಹನಿ. ಎಂಟು ಗಂಟೆ ಎಂದರೆ 480 ನಿಮಿಷ. ಭಾಗಿಸಿದರೆ 20.8, ಅಂದರೆ ನಿಮಿಷಕ್ಕೆ 21 ಹನಿ. 2 ಮಿಲಿಯಲ್ಲಿ 80 ಮಿಲಿಗ್ರಾಂ ಇರುವ ಇಂಜೆಕ್ಷನ್‌ನಿಂದ 60 ಮಿಲಿಗ್ರಾಂ ಕೊಡಬೇಕೆಂದರೆ ಸಿರಿಂಜಿಗೆ ಎಳೆಯಬೇಕಾದದ್ದು 1.5 ಮಿಲಿ. ಇಂಥ ಹತ್ತು ಲೆಕ್ಕ ದಿನಾ ಸಂಜೆ ಮಾಡಿದರೆ, ತರಗತಿ ಶುರುವಾಗುವ ಹೊತ್ತಿಗೆ ಕೈ ಕುದುರಿರುತ್ತದೆ.